ಮಲಾರ್ಟಿಕ್ ಘೋಷಣೆ ಮತ್ತು 1799ರ ಯುದ್ಧ: ಸಿಕ್ಕ ನೆಪವೊಂದರ ದಿನಚರಿ

1798ರ ಜೂನ್ 8ರಂದು ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಬಂದ ಒಂದು ಘೋಷಣೆಯ ಪ್ರತಿ ಗವರ್ನರ್ ಜನರಲ್ ಮಾರ್ನಿಂಗ್ಟನ್ ಪ್ರಭುವಿನ ಕಣ್ಣಿಗೆ ಬಿತ್ತು. ರಿಚರ್ಡ್ ವೆಲ್ಲೆಸ್ಲಿ ಎಂಬ ಹೆಸರಿನಿಂದ ನಮಗೆ ಹೆಚ್ಚು ಪರಿಚಿತನಾದ ಈತ ಅಧಿಕಾರ ವಹಿಸಿಕೊಂಡು ಆಗಿನ್ನೂ ಮೂರು ವಾರವಾಗಿತ್ತು. ಘೋಷಣೆ ಹೊರಟದ್ದು ಇಂದಿನ ಮಾರಿಷಸ್‌ನಿಂದ. ಫ್ರೆಂಚರು ಆಗ ಅದನ್ನು ಐಲ್ ದ ಫ್ರಾನ್ಸ್ ಎಂದು ಕರೆಯುತ್ತಿದ್ದರು. ಜನವರಿ 30ರ ತಾರೀಖಿನ, ಅಲ್ಲಿನ ಗವರ್ನರ್ ಮಲಾರ್ಟಿಕ್‌ನ ಸಹಿಯಿದ್ದ ಆ ಹಾಳೆ, ಟಿಪ್ಪು ಸುಲ್ತಾನನ ಇಬ್ಬರು ರಾಯಭಾರಿಗಳು ದ್ವೀಪಕ್ಕೆ ಬಂದಿದ್ದಾರೆಂದೂ, ಇಂಗ್ಲಿಷರನ್ನು ಹಿಂದುಸ್ತಾನದಿಂದ ಹೊರಹಾಕಲು ಫ್ರೆಂಚರ ನೆರವು ಕೇಳಿದ್ದಾರೆಂದೂ, ಇಷ್ಟವುಳ್ಳವರು ಟಿಪ್ಪುವಿನ ಬಾವುಟದಡಿ ಸೇವೆ ಸಲ್ಲಿಸಲು ಹೆಸರು ಬರೆಸಬಹುದೆಂದೂ ಸಾರಿತ್ತು. ಪತ್ರಿಕೆ ಕೈಸೇರಿದ ಹನ್ನೆರಡನೆಯ ದಿನ, ಅಂದರೆ ಜೂನ್ 20ರಂದು, ಸೈನ್ಯವನ್ನು ಕೂಡಿಸುವಂತೆ ಮದರಾಸಿನ ಸೇನಾಪತಿ ಜನರಲ್ ಹ್ಯಾರಿಸ್‌ನಿಗೆ ಆಜ್ಞೆ ಹೋಯಿತು. ಈ ಬಗ್ಗೆ ವೆಲ್ಲೆಸ್ಲಿ ಟಿಪ್ಪುವಿಗೆ ಮೊದಲ ಆಕ್ಷೇಪಣೆಯ ಪತ್ರ ಬರೆದದ್ದು ನವೆಂಬರ್ 8ರಂದು. ಆಜ್ಞೆಗೂ ಆಕ್ಷೇಪಣೆಗೂ ನಡುವೆ ಇರುವ ಈ ನಾಲ್ಕೂವರೆ ತಿಂಗಳೇ ಪ್ರಸ್ತುತ ಅಧ್ಯಯನದ ವಿಷಯ.

ಯುದ್ಧಕ್ಕೆ ನೆಪ ಹುಡುಕಿದ ಸರ್ಕಾರಗಳ ಮಾತು ಬಂದಾಗ ನಾವು ಸಾಮಾನ್ಯವಾಗಿ ನೆನೆಯುವುದು ಸುಳ್ಳು ಹೆಣೆದ ಪ್ರಸಂಗಗಳನ್ನು. 1931ರಲ್ಲಿ ಮುಕ್ಡೆನ್ ಬಳಿ ಜಪಾನಿ ಸೈನಿಕರೇ ರೈಲು ಹಳಿಯ ಪಕ್ಕ ಸ್ಫೋಟಕ ಸಿಡಿಸಿ ಚೀನೀಯರ ಮೇಲೆ ಹೊರಿಸಿದರು. 1939ರಲ್ಲಿ ಗ್ಲೈವಿಟ್ಸ್ ರೇಡಿಯೊ ನಿಲಯದ ಮೇಲೆ ಜರ್ಮನರೇ ಪೋಲರ ವೇಷದಲ್ಲಿ ದಾಳಿಯ ನಾಟಕವಾಡಿದರು. ಇಂಥವನ್ನು ಬಯಲಿಗೆಳೆಯುವುದು ಒಂದರ್ಥದಲ್ಲಿ ಸುಲಭ, ಏಕೆಂದರೆ ಸುಳ್ಳು ಸಿಕ್ಕಿಬಿದ್ದರೆ ವಾದ ಮುಗಿಯಿತು. ಮಲಾರ್ಟಿಕ್ ಘೋಷಣೆಯ ಪ್ರಕರಣ ಹಾಗಿಲ್ಲ. ಅಲ್ಲಿ ಕೆಣಕಿದ್ದು ನಿಜ, ರಾಯಭಾರಿಗಳು ಹೋದದ್ದು ನಿಜ, ಕೆಲವು ಫ್ರೆಂಚರು ಮಂಗಳೂರಿನಲ್ಲಿ ಇಳಿದದ್ದೂ ನಿಜ. ಆದರೂ ಅದು ನೆಪವೇ ಎಂದು ನಾನು ಹೇಳುತ್ತಿದ್ದೇನೆ. ಯುದ್ಧ ಬಯಸುವ ಸರ್ಕಾರಕ್ಕೆ ಸುಳ್ಳು ಕಟ್ಟುವ ಅಗತ್ಯ ಯಾವಾಗಲೂ ಇರುವುದಿಲ್ಲ. ಎದುರಾಳಿಯ ಒಂದು ನಿಜವಾದ ತಪ್ಪನ್ನು ಎತ್ತಿಕೊಂಡು, ಅದಕ್ಕೆ ಬೇಕಾದಷ್ಟು ತೂಕ ಕೊಟ್ಟು, ಬೇಕಾದ ದಿನದವರೆಗೆ ಕಾದಿಟ್ಟುಕೊಂಡರೆ ಸಾಕಾಗುತ್ತದೆ. ಇದನ್ನು ತೋರಿಸಲು ಗುಪ್ತ ದಾಖಲೆಗಳನ್ನು ಶೋಧಿಸಬೇಕಾಗಿಲ್ಲ, ಈಸ್ಟ್ ಇಂಡಿಯಾ ಕಂಪನಿಯೇ ಇಟ್ಟ ಕಾಗದಪತ್ರಗಳ ತಾರೀಖುಗಳನ್ನು ಸಾಲಾಗಿ ಓದಿದರೆ ಆಗುತ್ತದೆ. ಟಿಪ್ಪು ಎಂಥ ಅರಸನಾಗಿದ್ದ ಎಂಬುದರ ಬಗ್ಗೆ ಕರ್ನಾಟಕದಲ್ಲಿ ನಡೆದಿರುವ ವಾಗ್ವಾದದಲ್ಲಿ ಈ ಬರಹ ಪಾಲುಗೊಳ್ಳುವುದಿಲ್ಲ. ಇಲ್ಲಿ ಪರೀಕ್ಷೆಗೆ ಒಳಗಾಗಿರುವುದು ಕಲ್ಕತ್ತೆಯ ಸರ್ಕಾರ.

ಮೊದಲು ಟಿಪ್ಪುವಿನ ಕಡೆಯಿಂದ ಆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅವನು ಅರ್ಧ ರಾಜ್ಯ ಕಳೆದುಕೊಂಡಿದ್ದ, 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಬೇಕಾಗಿತ್ತು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಮದರಾಸಿಗೆ ಕಳಿಸಿದ್ದ. ಹಣ ಸಂದಾಯವಾಗಿ ಮಕ್ಕಳು 1794ರಲ್ಲಿ ಮರಳಿದರು, ಆದರೆ ಆ ಅವಮಾನ ಆರಲಿಲ್ಲ. ಹೀಗಿರುವಾಗ 1797ರ ಆರಂಭದಲ್ಲಿ ರಿಪೋ ಎಂಬ ಫ್ರೆಂಚ್ ಖಾಸಗಿ ಕಡಲುದಾಳಿಗಾರನ ಮುರುಕು ಹಡಗು ಮಂಗಳೂರಿನ ದಡ ಸೇರಿತು. ತಾನು ಐಲ್ ದ ಫ್ರಾನ್ಸಿನ ಆಡಳಿತದಲ್ಲಿ ಎರಡನೆಯವನೆಂದೂ, ಅಲ್ಲಿ ಸಾವಿರಾರು ಫ್ರೆಂಚ್ ಸೈನಿಕರು ಟಿಪ್ಪುವಿನ ಕರೆಗಾಗಿ ಕಾದಿದ್ದಾರೆಂದೂ ಅವನು ನಂಬಿಸಿದ. ಅವನ ಮಾತು ನಂಬತಕ್ಕದ್ದಲ್ಲವೆಂದು ಆಸ್ಥಾನದಲ್ಲೇ ಎಚ್ಚರಿಕೆಯ ಮಾತು ಕೇಳಿಬಂದರೂ ಟಿಪ್ಪು ನಂಬಿದ. ಇಬ್ಬರು ದೂತರನ್ನು ವರ್ತಕರಂತೆ ಗುಟ್ಟಾಗಿ ಹೋಗಿ ಬರುವ ಸೂಚನೆಯೊಂದಿಗೆ ಮಂಗಳೂರಿನಿಂದ ಹಡಗು ಹತ್ತಿಸಿದ. 1798ರ ಜನವರಿಯಲ್ಲಿ ಅವರು ಪೋರ್ಟ್ ಲೂಯಿ ತಲಪಿದಾಗ ಗುಟ್ಟು ಉಳಿಯಲಿಲ್ಲ. ಮಲಾರ್ಟಿಕ್ ಅವರನ್ನು ಬಹಿರಂಗವಾಗಿ, ರಾಜಮರ್ಯಾದೆಯೊಂದಿಗೆ ಬರಮಾಡಿಕೊಂಡ. ಕೆಲವೇ ದಿನಗಳಲ್ಲಿ ಅವರ ಬೇಡಿಕೆಯನ್ನು ಊರಿಗೆಲ್ಲ ಕಾಣುವಂತೆ ಅಚ್ಚುಮಾಡಿ ಹೊರಡಿಸಿದ.

ಆ ಘೋಷಣೆಯನ್ನು ಒಮ್ಮೆ ಹತ್ತಿರದಿಂದ ನೋಡುವುದು ಉಪಯುಕ್ತ. ಟಿಪ್ಪು ಫ್ರೆಂಚರೊಂದಿಗೆ ಯುದ್ಧದಲ್ಲೂ ರಕ್ಷಣೆಯಲ್ಲೂ ಜತೆಗಿರುವ ಮೈತ್ರಿ ಬಯಸುತ್ತಾನೆ. ಭಾರತದಲ್ಲಿ ಯುದ್ಧ ನಡೆಯುವಷ್ಟು ಕಾಲ ಫ್ರೆಂಚ್ ಪಡೆಯ ಖರ್ಚನ್ನು ತಾನೇ ವಹಿಸುತ್ತಾನೆ. ಯುದ್ಧಕ್ಕೆ ಬೇಕಾದ ಎಲ್ಲವನ್ನೂ ಒದಗಿಸುತ್ತಾನೆ, ದ್ರಾಕ್ಷಾರಸ ಮತ್ತು ಬ್ರಾಂದಿಯ ಹೊರತು, ಏಕೆಂದರೆ ಅವು ಅವನಲ್ಲಿ ಇಲ್ಲವೇ ಇಲ್ಲ. ಫ್ರೆಂಚರು ಬಂದ ಗಳಿಗೆಯೇ ಇಂಗ್ಲಿಷರ ಮೇಲೆ ಯುದ್ಧ ಸಾರಲು ಅವನು ಸಿದ್ಧನಾಗಿ ಕಾದಿದ್ದಾನೆ. ಇಷ್ಟು ಹೇಳಿದ ಮೇಲೆ ಘೋಷಣೆ ಇನ್ನೊಂದು ಮಾತು ಸೇರಿಸುತ್ತದೆ: ಮಿತ್ರರಾದ ಡಚ್ಚರಿಗೆ ಈಗಾಗಲೇ ನೆರವು ಕಳಿಸಿರುವುದರಿಂದ ದ್ವೀಪದ 107 ಮತ್ತು 108ನೆಯ ರೆಜಿಮೆಂಟುಗಳಿಂದ ಯಾರನ್ನೂ ಬಿಟ್ಟುಕೊಡಲು ಸಾಧ್ಯವಿಲ್ಲ, ಆದ್ದರಿಂದ ಸ್ವಯಂಸೇವಕರು ಮುಂದೆ ಬರಬೇಕು. ಅಂದರೆ ಯುದ್ಧದ ಮೈತ್ರಿಯನ್ನು ಸಾರಿದ ಹಾಳೆಯಲ್ಲಿಯೇ ಆ ಮೈತ್ರಿಗೆ ಕೊಡಲು ಸೈನ್ಯವಿಲ್ಲವೆಂಬ ಒಪ್ಪಿಗೆಯೂ ಇತ್ತು. ಕಲ್ಕತ್ತೆಯಲ್ಲಿ ಓದಿದವರು ಮೊದಲ ಭಾಗವನ್ನು ಎಷ್ಟು ಗಮನವಿಟ್ಟು ಓದಿದರೋ ಎರಡನೆಯ ಭಾಗವನ್ನು ಅಷ್ಟೇ ಗಮನವಿಟ್ಟು ಓದಲು ಅಡ್ಡಿಯೇನೂ ಇರಲಿಲ್ಲ.

ಕರೆಗೆ ಓಗೊಟ್ಟು ಬಂದವರು ನೂರರ ಆಸುಪಾಸಿನಲ್ಲಿದ್ದರು. ಅವರೊಂದಿಗೆ ಶಪ್ವಿ ಎಂಬ ಸೇನಾಧಿಕಾರಿ, ದ್ಯುಬುಕ್ ಎಂಬ ನೌಕಾಧಿಕಾರಿ ಇದ್ದರು. ಲಾ ಪ್ರೆನ್ಯೂಸ್ ಎಂಬ ಯುದ್ಧನೌಕೆ ಇವರನ್ನು ಮಂಗಳೂರಿನಲ್ಲಿ ಇಳಿಸಿದ್ದು 1798ರ ಏಪ್ರಿಲ್ 26ರಂದು. ಇಂಗ್ಲೆಂಡಿನಿಂದ ಹೊರಟ ವೆಲ್ಲೆಸ್ಲಿ ಮದರಾಸಿನ ದಡದಲ್ಲಿ ಇಳಿದದ್ದೂ ಅದೇ ದಿನ. ಹತ್ತು ಸಾವಿರ ಸೈನಿಕರನ್ನು ಎದುರುನೋಡುತ್ತಿದ್ದ ಟಿಪ್ಪುವಿಗೆ ಈ ಗುಂಪನ್ನು ಕಂಡು ಎಷ್ಟು ನಿರಾಶೆಯಾಗಿರಬೇಕೆಂದು ಊಹಿಸಬಹುದು. ಆದರೂ ಅವನು ಅವರನ್ನು ವಾಪಸ್ಸು ಕಳಿಸಲಿಲ್ಲ, ಸೇವೆಗೆ ಸೇರಿಸಿಕೊಂಡ. ಹತ್ತು ಸಾವಿರದ ಸೈನ್ಯವನ್ನು ಕರೆಸಿದ ಅಪವಾದ ಹೊತ್ತು, ನೂರು ಜನರ ನೆರವು ಪಡೆದ ಸ್ಥಿತಿ ಅವನದಾಯಿತು.

ಈಗ ವೆಲ್ಲೆಸ್ಲಿಯ ಕಡೆಗೆ ಬರೋಣ. ಅವನು ಭಾರತಕ್ಕೆ ಬರುವ ದಾರಿಯಲ್ಲಿ 1798ರ ಫೆಬ್ರವರಿಯಲ್ಲಿ ಗುಡ್‌ಹೋಪ್ ಭೂಶಿರದಲ್ಲಿ ತಂಗಿದ್ದ. ಹೈದರಾಬಾದಿನಲ್ಲಿ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ, ಆಗಿದ್ದು ಆರೋಗ್ಯ ಕೆಟ್ಟು ಅಲ್ಲಿ ವಿಶ್ರಾಂತಿಯಲ್ಲಿದ್ದ ಮೇಜರ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅವನಿಗೆ ದೇಶೀ ಸಂಸ್ಥಾನಗಳ ವಿಷಯವನ್ನೆಲ್ಲ ವಿವರಿಸಿದ. ಅಲ್ಲಿಂದಲೇ, ಫೆಬ್ರವರಿ 23ರಂದು, ಕಂಪನಿಯ ಆಡಳಿತದ ಮೇಲ್ವಿಚಾರಣೆ ಹೊತ್ತಿದ್ದ ಲಂಡನ್ನಿನ ನಿಯಂತ್ರಣ ಮಂಡಳಿಯ ಅಧ್ಯಕ್ಷ ಹೆನ್ರಿ ಡಂಡಾಸ್‌ಗೆ ಬರೆದ ದೀರ್ಘ ಪತ್ರದಲ್ಲಿ ನಿಜಾಮನ ಬಳಿಯಿದ್ದ ಫ್ರೆಂಚ್ ಅಧಿಕಾರಿಗಳ ಪಡೆಯನ್ನು ಮುರಿಯಬೇಕಾದ ಅಗತ್ಯವನ್ನೂ, ಟಿಪ್ಪುವಿನಿಂದ ಇರುವ ಅಪಾಯವನ್ನೂ ಅವನು ಬಿಡಿಸಿ ಹೇಳಿದ್ದ. ಆ ಹೊತ್ತಿಗೆ ಮಲಾರ್ಟಿಕ್‌ನ ಘೋಷಣೆ ಹೊರಬಿದ್ದು ಮೂರು ವಾರವಾಗಿತ್ತು, ಆದರೆ ವೆಲ್ಲೆಸ್ಲಿಗೆ ಅದರ ಸುದ್ದಿ ಇರಲಿಲ್ಲ. ಭಾರತದಲ್ಲಿ ಫ್ರೆಂಚ್ ಪ್ರಭಾವವನ್ನು ಬೇರುಸಹಿತ ಕೀಳಬೇಕೆಂಬ ನೀತಿ ಕೆಣಕುವಿಕೆಗಿಂತ ಮೊದಲೇ ರೂಪುಗೊಂಡಿತ್ತು ಎಂಬುದಕ್ಕೆ ಆ ಪತ್ರಕ್ಕಿಂತ ಬೇರೆ ಸಾಕ್ಷಿ ಬೇಡ.

ನೀತಿ ಇದ್ದಮೇಲೆ ನೇರವಾಗಿ ಯುದ್ಧಕ್ಕೆ ಹೋಗಬಹುದಿತ್ತಲ್ಲವೇ? ಹೋಗುವಂತಿರಲಿಲ್ಲ, ಮತ್ತು ಈ ಪ್ರಕರಣದ ಕೀಲು ಇರುವುದು ಇಲ್ಲಿಯೇ. 1784ರ ಪಿಟ್‌ನ ಇಂಡಿಯಾ ಕಾಯ್ದೆ, ಭಾರತದಲ್ಲಿ ದಿಗ್ವಿಜಯ ಮತ್ತು ರಾಜ್ಯವಿಸ್ತರಣೆಯ ಯೋಜನೆಗಳು ಬ್ರಿಟಿಷ್ ರಾಷ್ಟ್ರದ ಇಚ್ಛೆಗೆ, ಗೌರವಕ್ಕೆ ಮತ್ತು ನೀತಿಗೆ ವಿರುದ್ಧವೆಂದು ಸ್ಪಷ್ಟವಾಗಿ ಹೇಳಿತ್ತು. ಕಂಪನಿಯ ವಿರುದ್ಧವೋ, ಅದರ ಮಿತ್ರರ ವಿರುದ್ಧವೋ ಹಗೆತನ ಈಗಾಗಲೇ ಆರಂಭವಾಗಿದ್ದರೆ ಅಥವಾ ಅದಕ್ಕೆ ಸಿದ್ಧತೆ ನಿಜವಾಗಿ ನಡೆದಿದ್ದರೆ ಮಾತ್ರ, ಲಂಡನ್ನಿನ ಅಪ್ಪಣೆಗೆ ಕಾಯದೆ ಗವರ್ನರ್ ಜನರಲ್ ಯುದ್ಧ ಹೂಡಬಹುದಿತ್ತು. 1793ರಲ್ಲಿ ಕಂಪನಿಯ ಸನ್ನದು ನವೀಕರಣವಾದಾಗಲೂ ಈ ನಿಬಂಧನೆ ಉಳಿಯಿತು. ಇದು ಕಾಗದದ ಮೇಲಿನ ಮಾತಷ್ಟೇ ಎಂದು ತಿಳಿಯಬಾರದು. ಹಿಂದೆ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನ ಮೇಲೆ ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ನಡೆದ ವಿಚಾರಣೆ ಮುಗಿದು ಆಗ ಮೂರೇ ವರ್ಷವಾಗಿತ್ತು. ಆದ್ದರಿಂದ ವೆಲ್ಲೆಸ್ಲಿಗೆ ಬೇಕಾಗಿದ್ದದ್ದು ಟಿಪ್ಪುವಿನ ಮೇಲೆ ಸಿಟ್ಟಾಗಲು ಒಂದು ಕಾರಣವಲ್ಲ, ಕಾಯ್ದೆಯ ಆ ವಿನಾಯಿತಿಯೊಳಗೆ ಸರಿಯಾಗಿ ಕೂರುವ ಒಂದು ಘಟನೆ. ಕೆಣಕುವಿಕೆಯನ್ನು ಸರ್ಕಾರಗಳು ಜನರನ್ನು ಕೆರಳಿಸಲು ಬಳಸುತ್ತವೆಂದು ನಾವು ಭಾವಿಸುತ್ತೇವೆ; ಇಲ್ಲಿ ಅದನ್ನು ಬಳಸಿದ್ದು ಕಾನೂನಿನ ಬಾಗಿಲು ತೆರೆಯಲು.

ಜೂನ್ 8ರ ಪತ್ರಿಕೆ ನೋಡಿದಾಗ ವೆಲ್ಲೆಸ್ಲಿಗೇ ಅದು ಅಸಲಿಯೋ ಅಲ್ಲವೋ ಎಂಬ ಸಂಶಯವಿತ್ತು. ಅಸಲಿ ಯೋಜನೆಯಿದ್ದರೆ ಅದನ್ನು ಹೀಗೆ ಸಾರಿಕೊಂಡು ಹೆಚ್ಚುಕಡಿಮೆ ಶತ್ರುವಿನ ಕೈಗೇ ಯಾರಾದರೂ ಕೊಡುತ್ತಾರೆಯೇ ಎಂಬ ಪ್ರಶ್ನೆ ಯಾರಿಗೂ ಏಳುವಂಥದು. ಜೂನ್ 14ರಂದು ಅವನು ಟಿಪ್ಪುವಿಗೆ ಒಂದು ಪತ್ರ ಬರೆದ. ವೈನಾಡು ಪ್ರದೇಶ ಯಾರಿಗೆ ಸೇರಿದ್ದೆಂಬ ಹಳೆಯ ವ್ಯಾಜ್ಯವನ್ನು ಎರಡೂ ಕಡೆಯವರು ಕೂತು ಬಗೆಹರಿಸೋಣ ಎಂಬ ಸ್ನೇಹದ ಪತ್ರ ಅದು. ಘೋಷಣೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಜೂನ್ 18ರಂದು ಗುಡ್‌ಹೋಪ್‌ನ ಗವರ್ನರ್ ಮೆಕಾರ್ಟ್ನಿಯಿಂದ ಘೋಷಣೆ ನಿಜವೆಂಬ ಖಚಿತ ಮಾಹಿತಿ ಬಂತು. ಎರಡು ದಿನ ಬಿಟ್ಟು ಹ್ಯಾರಿಸ್‌ನಿಗೆ ಆಜ್ಞೆ. ಕಾಯ್ದೆಯ ಭಾಷೆಯಲ್ಲಿ ಹೇಳುವುದಾದರೆ, ಹಗೆತನದ ಸಿದ್ಧತೆ ನಡೆದಿದೆ ಎಂಬ ತೀರ್ಪು ಹನ್ನೆರಡು ದಿನದಲ್ಲಿ ಹೊರಬಿದ್ದಿತ್ತು. ಆರೋಪಿಯನ್ನು ಮಾತ್ರ ಇನ್ನೂ ಕೇಳಿರಲಿಲ್ಲ.

ವೆಲ್ಲೆಸ್ಲಿಗೆ ಕೂಡಲೇ ನುಗ್ಗುವ ಇಚ್ಛೆಯಿತ್ತು. ಅವನನ್ನು ತಡೆದದ್ದು ನ್ಯಾಯದ ಅಳುಕಲ್ಲ, ಮದರಾಸಿನ ಬರಿದಾದ ಖಜಾನೆ. ಅಲ್ಲಿನ ಸರ್ಕಾರದ ಕಾರ್ಯದರ್ಶಿ ಜೋಸೈಯಾ ವೆಬ್, ಜುಲೈ ಮೊದಲ ವಾರದಲ್ಲಿ ಬರೆದ ಟಿಪ್ಪಣಿಯಲ್ಲಿ ಸಾಗಾಟದ ಎತ್ತುಗಳಿಲ್ಲ, ಹಣವಿಲ್ಲ, ಹಿಂದಿನ ಯುದ್ಧದಲ್ಲಿ ಜತೆಗಿದ್ದ ಮಿತ್ರರ ಮೇಲೆ ಭರವಸೆಯಿಲ್ಲ, ಈ ಸ್ಥಿತಿಯಲ್ಲಿ ಟಿಪ್ಪುವಿನೊಂದಿಗೆ ಯುದ್ಧ ಹೂಡಿದರೆ ಅನಾಹುತವಲ್ಲದೆ ಬೇರೇನೂ ತೋರುವುದಿಲ್ಲ ಎಂಬ ಅಭಿಪ್ರಾಯ ಕೊಟ್ಟ. ಎದುರು ಮಾತಾಡಿದ ಈ ಅಧಿಕಾರಿಯನ್ನು ನಾನು ಗೌರವದಿಂದ ನೆನೆಯುತ್ತೇನೆ. ಮುಂದೆ ಮೈಸೂರಿನಲ್ಲೇ ರೆಸಿಡೆಂಟ್ ಆಗಿ ಕೆಲಸ ಮಾಡಿದ ಅವನ ನೆನಪಿಗೆ ದಿವಾನ್ ಪೂರ್ಣಯ್ಯನವರು ಎತ್ತಿಸಿದ ಕಲ್ಲಿನ ಕಂಬ ಪಾಂಡವಪುರದ ಕಡೆ ನಿಂತಿದೆ. ಹಿರೋಡೆ ಎಂದಿದ್ದ ಆ ಪಾಂಡವಪುರಕ್ಕೆ ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣಕ್ಕೆ ಬಹಳ ಕಾಲ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಇತ್ತು.

ಆಗಸ್ಟ್ 12ರಂದು ವೆಲ್ಲೆಸ್ಲಿ ದಾಖಲಿಸಿದ ಗುಪ್ತ ಟಿಪ್ಪಣಿ ಈ ಪ್ರಕರಣದ ಮುಖ್ಯ ದಾಖಲೆ. ರಾಯಭಾರಿಗಳ ನಡತೆ, ಅದನ್ನು ಟಿಪ್ಪು ಒಪ್ಪಿಕೊಂಡದ್ದು, ಫ್ರೆಂಚರು ಅವನ ನೆಲದಲ್ಲಿ ಇಳಿದದ್ದು, ಈ ಮೂರನ್ನೂ ಕೂಡಿಸಿದರೆ ಅದು ಸಂದಿಗ್ಧಕ್ಕೆ ಎಡೆಯಿಲ್ಲದ ಯುದ್ಧಘೋಷಣೆ ಎಂದು ಅಲ್ಲಿ ತೀರ್ಮಾನಿಸಲಾಗಿದೆ. ಒಬ್ಬ ಫ್ರೆಂಚ್ ಗವರ್ನರ್ ಬರೆದ ಕಾಗದವನ್ನು ಟಿಪ್ಪುವೇ ಸಾರಿದ ಯುದ್ಧವೆಂದು ಓದಿದ್ದು ಮೊದಲ ಹೆಜ್ಜೆ. ಎರಡನೆಯ ಹೆಜ್ಜೆ ಇನ್ನೂ ಗಮನಾರ್ಹ. ಫ್ರೆಂಚರ ನೆರವು ಅಲ್ಪವೆಂಬುದನ್ನು ಟಿಪ್ಪಣಿ ಮುಚ್ಚಿಡುವುದಿಲ್ಲ. ಟಿಪ್ಪುವಿಗೆ ಬಲವಾದ ಸಹಾಯ ಇನ್ನೂ ಒದಗಿಲ್ಲವಾದ್ದರಿಂದ ಹೊಡೆಯಲು ಇದೇ ತಕ್ಕ ಕಾಲ ಎನ್ನುತ್ತದೆ. ಅಪಾಯ ದೊಡ್ಡದಾಗಿದ್ದರೆ ಆತ್ಮರಕ್ಷಣೆಗಾಗಿ ಯುದ್ಧ, ಅಪಾಯ ಚಿಕ್ಕದಾಗಿದ್ದರೆ ಅದು ದೊಡ್ಡದಾಗುವ ಮುನ್ನ ಯುದ್ಧ. ಈ ತರ್ಕದಲ್ಲಿ ಎದುರಾಳಿ ಏನೇ ಮಾಡಿದರೂ ತಪ್ಪಿಸಿಕೊಳ್ಳುವ ದಾರಿ ಉಳಿಯುವುದಿಲ್ಲ. ತೋಳ ಮತ್ತು ಕುರಿಮರಿಯ ಕತೆಯನ್ನು ಕೇಳಿ ಬೆಳೆದವರಿಗೆ ಇದು ಹೊಸ ತರ್ಕವೂ ಅಲ್ಲ.

ಆಗಸ್ಟಿನಿಂದ ಅಕ್ಟೋಬರಿನವರೆಗೆ ಎರಡು ಕೆಲಸ ಒಟ್ಟಿಗೆ ನಡೆದವು. ಹೈದರಾಬಾದಿನ ನಿಜಾಮನೊಂದಿಗೆ ಸೆಪ್ಟೆಂಬರ್ 1ರಂದು ಸಹಾಯಕ ಸೈನ್ಯ ಒಪ್ಪಂದವಾಯಿತು; ಫ್ರೆಂಚ್ ದಂಡನಾಯಕ ರೇಮಾಂಡ್ ಕಟ್ಟಿ ಬೆಳೆಸಿದ್ದ, ಸುಮಾರು 14 ಸಾವಿರ ಜನರಿದ್ದ ಪಡೆಯನ್ನು ಅಕ್ಟೋಬರ್ 22ರಂದು ರಕ್ತಪಾತವಿಲ್ಲದೆ ನಿಶ್ಶಸ್ತ್ರಗೊಳಿಸಲಾಯಿತು. ಹಾಗೆ ನೋಡಿದರೆ ಮಂಗಳೂರಿನಲ್ಲಿ ಇಳಿದ ನೂರು ಜನರಿಗಿಂತ ನೂರು ಪಟ್ಟು ದೊಡ್ಡದಾದ ಫ್ರೆಂಚ್ ಅಪಾಯ ಇದ್ದದ್ದು ಹೈದರಾಬಾದಿನಲ್ಲಿ, ಅದು ಯುದ್ಧವಿಲ್ಲದೆ ಮುಗಿಯಿತು. ಇನ್ನೊಂದು ಕಡೆ ಟಿಪ್ಪುವಿನೊಂದಿಗೆ ಪತ್ರವ್ಯವಹಾರ ಎಂದಿನಂತೆ ಸೌಮ್ಯವಾಗಿಯೇ ಸಾಗಿತು. ಆಗಸ್ಟ್ 7ರಂದು, ಅಂದರೆ ಯುದ್ಧಘೋಷಣೆಯಾಗಿದೆ ಎಂದು ಗುಪ್ತವಾಗಿ ಬರೆದಿಡುವ ಐದು ದಿನ ಮೊದಲು, ವೆಲ್ಲೆಸ್ಲಿ ವೈನಾಡಿನ ಮೇಲೆ ಟಿಪ್ಪುವಿನ ಹಕ್ಕು ನ್ಯಾಯವಾದದ್ದೆಂದು ಒಪ್ಪಿ ಅವನಿಗೆ ಪತ್ರ ಬರೆದ. ಸೈನ್ಯ ಸಿದ್ಧವಾಗುವ ತನಕ ಎದುರಾಳಿಗೆ ಸುಳಿವು ಸಿಗಬಾರದು ಎಂಬುದು ಯುದ್ಧತಂತ್ರದ ದೃಷ್ಟಿಯಿಂದ ಅರ್ಥವಾಗುವ ಮಾತು. ಆದರೆ ಆಕ್ಷೇಪಣೆಯನ್ನು ತಡೆಹಿಡಿದವನು, ಎದುರಾಳಿ ವಿವರಣೆ ಕೊಡಲಿಲ್ಲ ಎಂದು ಆಮೇಲೆ ದೂರುವುದಕ್ಕೆ ನೈತಿಕ ಹಕ್ಕು ಕಳೆದುಕೊಳ್ಳುತ್ತಾನೆ.

ಅಕ್ಟೋಬರ್ ಮಧ್ಯದಲ್ಲಿ ನೆಪೋಲಿಯನ್ ಬೊನಪಾರ್ಟೆ ಈಜಿಪ್ಟಿನಲ್ಲಿ ಇಳಿದ ಸುದ್ದಿ ಕಲ್ಕತ್ತೆಗೆ ಮುಟ್ಟಿತು. ಇದರಿಂದ ವಾದಕ್ಕೆ ಹೊಸ ಜೀವ ಬಂತು. ಮಾರಿಷಸ್ಸಿನ ನೂರು ಜನರ ಹಿಂದೆ ಈಗ ಒಂದು ಮಹಾಸೇನೆಯ ನೆರಳು ಕಾಣಿಸಿತು. ಲಂಡನ್ನಿನಲ್ಲಿದ್ದ ಕಂಪನಿ ನಿರ್ದೇಶಕರ ಗುಪ್ತ ಸಮಿತಿ ಜೂನ್ 18ರಂದು ಬರೆದಿದ್ದ ಪತ್ರವೂ ಆ ದಿನಗಳಲ್ಲಿ ಬಂದು ಸೇರಿತು: ಟಿಪ್ಪು ಫ್ರೆಂಚರೊಂದಿಗೆ ಕೂಡಿರುವುದು ನಿಜವಾದರೆ ಅವನು ಹೊಡೆಯುವ ತನಕ ಕಾಯಬೇಕಾಗಿಲ್ಲ ಎಂಬ ಅನುಮತಿ ಅದರಲ್ಲಿತ್ತು. ಈಜಿಪ್ಟಿನ ಭಯ ನಿಜವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕ್ರಮವನ್ನು ಗಮನಿಸಬೇಕು. ಆಗಸ್ಟ್ 1ರ ನೈಲ್ ಕಾಳಗದಲ್ಲಿ ನೆಲ್ಸನ್ ಫ್ರೆಂಚ್ ನೌಕಾಪಡೆಯನ್ನು ನಾಶಮಾಡಿದ ಸುದ್ದಿ ಅಕ್ಟೋಬರ್ ಕೊನೆಯಲ್ಲಿ ಬಂದಾಗ ಭಯ ಕುಗ್ಗಬೇಕಾಗಿತ್ತು, ಏಕೆಂದರೆ ಹಡಗುಗಳಿಲ್ಲದ ಸೈನ್ಯ ಕೆಂಪು ಸಮುದ್ರ ದಾಟಿ ಮಂಗಳೂರಿಗೆ ಬರುವಂತಿರಲಿಲ್ಲ. ಭಯ ಕುಗ್ಗಿದಾಗಲೂ ಸಿದ್ಧತೆ ಕುಗ್ಗಲಿಲ್ಲ. ಬದಲಾಗಿ ಅದೇ ಸುದ್ದಿಯನ್ನು ನವೆಂಬರ್ 4ರಂದು ಟಿಪ್ಪುವಿಗೆ ತಿಳಿಸಿ, ನಮ್ಮಿಬ್ಬರ ಸ್ನೇಹದಿಂದಾಗಿ ಇದು ನಿಮಗೂ ಸಂತೋಷ ತರುವುದೆಂದು ನಂಬಿದ್ದೇನೆ ಎಂಬ ಅರ್ಥದಲ್ಲಿ ವೆಲ್ಲೆಸ್ಲಿ ಬರೆದ. ನಾಲ್ಕು ದಿನ ಕಳೆದು ನವೆಂಬರ್ 8ರಂದು ಬಂದ ಪತ್ರದ ಧಾಟಿ ಬೇರೆ: ಫ್ರೆಂಚರೊಂದಿಗೆ ನಿಮಗಿರುವ ಸಂಬಂಧ ನನಗೆ ತಿಳಿಯದೆಂದು ಭಾವಿಸಬೇಡಿ, ಮೇಜರ್ ಡವಟನ್ ಎಂಬ ಅಧಿಕಾರಿಯನ್ನು ಮಾತುಕತೆಗೆ ಕಳಿಸುತ್ತೇನೆ, ಬರಮಾಡಿಕೊಳ್ಳಿ.

ಟಿಪ್ಪುವಿನ ಉತ್ತರ ಅವನಿಗೆ ನೆರವಾಗಲಿಲ್ಲ. ವರ್ತಕರ ಹಡಗೊಂದು ಅಕ್ಕಿ ಹೇರಿಕೊಂಡು ಮಾರಿಷಸ್‌ಗೆ ಹೋಗಿತ್ತು, ಮರಳುವಾಗ ಸುಮಾರು ನಲವತ್ತು ಫ್ರೆಂಚರು ಬಾಡಿಗೆ ಕೊಟ್ಟು ಹತ್ತಿಬಂದರು, ಅವರಲ್ಲಿ ಹತ್ತುಹನ್ನೆರಡು ಮಂದಿ ಕುಶಲಕರ್ಮಿಗಳು, ಉಳಿದವರು ಆಳುಗಳು, ಕೆಲವರು ಕೆಲಸಕ್ಕೆ ಸೇರಿದರು, ಮಿಕ್ಕವರು ಹೋದರು, ಕುಟಿಲರಾದ ಫ್ರೆಂಚರು ಎರಡು ಸರ್ಕಾರಗಳ ನಡುವೆ ಮನಸ್ತಾಪ ತರಲು ಸುದ್ದಿ ಹಬ್ಬಿಸಿರಬಹುದು ಎಂದು ಅವನು ಬರೆದ. ಇದು ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ರಾಯಭಾರ ಕಳಿಸಿದ್ದು ಹೌದು, ಸ್ವತಂತ್ರ ಅರಸನಾದ ನನಗೆ ಆ ಹಕ್ಕಿದೆ ಎಂದು ಎದುರು ನಿಂತು ಹೇಳಿದ್ದರೆ, ಅಥವಾ ಉಳಿದ ಫ್ರೆಂಚರನ್ನು ಕೂಡಲೇ ಹಡಗು ಹತ್ತಿಸಿದ್ದರೆ, ಕಲ್ಕತ್ತೆಯ ವಾದ ಎಷ್ಟೋ ಸಡಿಲವಾಗುತ್ತಿತ್ತು. ಅವನು ಎರಡನ್ನೂ ಮಾಡಲಿಲ್ಲ. ಅಷ್ಟೇ ಅಲ್ಲದೆ 1799ರ ಫೆಬ್ರವರಿಯಲ್ಲಿ ದ್ಯುಬುಕ್‌ನನ್ನು ಡೇನರ ವಶದಲ್ಲಿದ್ದ ತರಂಗಂಬಾಡಿಯಿಂದ ಫ್ರಾನ್ಸಿನತ್ತ ಮತ್ತೆ ದೂತನಾಗಿ ಕಳಿಸಿದ. ಮುಳುಗುವವನು ಹುಲ್ಲುಕಡ್ಡಿಗೆ ಕೈಚಾಚಿದಂತೆ ಅದು ಅವನಿಗೆ ಕಂಡಿರಬೇಕು. ಹೊರಗಿನಿಂದ ನೋಡುವವರಿಗೆ ಅದು ತಪ್ಪೊಪ್ಪಿಗೆಯಂತೆ ಕಂಡಿತು.

ವೆಲ್ಲೆಸ್ಲಿ ಡಿಸೆಂಬರ್ 31ರಂದು ಮದರಾಸಿಗೆ ಬಂದು ನೆಲೆಸಿದ. 1799ರ ಜನವರಿ 9ರಂದು ಅವನು ಬರೆದ ಪತ್ರದಲ್ಲಿ ರಾಯಭಾರದ ಕತೆ, ಘೋಷಣೆ, ಫ್ರೆಂಚರು ಇಳಿದದ್ದು, ಎಲ್ಲವೂ ಮೊದಲ ಬಾರಿಗೆ ವಿವರವಾಗಿ ಟಿಪ್ಪುವಿನ ಮುಂದೆ ಬಂದವು. ಏಳು ತಿಂಗಳು ಕೈಯಲ್ಲಿಟ್ಟುಕೊಂಡ ಆರೋಪಕ್ಕೆ ಉತ್ತರ ಕೊಡಲು ಟಿಪ್ಪುವಿಗೆ ಸಿಕ್ಕ ಅವಧಿ ಎಷ್ಟು? ಪತ್ರ ಮುಟ್ಟಿದ ಮೇಲೆ ಒಂದು ದಿನಕ್ಕಿಂತ ಹೆಚ್ಚು ತಡಮಾಡಬಾರದು ಎಂದು ವೆಲ್ಲೆಸ್ಲಿ ಬರೆದಿದ್ದ. ಈ ಅವಸರಕ್ಕೆ ಕಾರಣ ಫ್ರೆಂಚರಲ್ಲ, ಕಾವೇರಿ. ಮುಂಗಾರು ಬಂದು ಹೊಳೆ ತುಂಬಿದರೆ ಶ್ರೀರಂಗಪಟ್ಟಣದ ದ್ವೀಪಕೋಟೆಗೆ ಮುತ್ತಿಗೆ ಹಾಕುವುದು ಆಗದ ಮಾತು; ಕೋಟೆ ಬೀಳಬೇಕಾದರೆ ಮೇ ತಿಂಗಳೊಳಗೆ ಬೀಳಬೇಕು, ಅದಕ್ಕೆ ಫೆಬ್ರವರಿಯಲ್ಲಿ ಸೈನ್ಯ ಹೊರಡಬೇಕು. ಮಾತುಕತೆಗೆ ಇದ್ದ ಸಮಯವನ್ನು ಅಳೆದದ್ದು ಮುತ್ತಿಗೆಯ ಲೆಕ್ಕಾಚಾರ.

ಫೆಬ್ರವರಿ 3ರಂದು ಹ್ಯಾರಿಸ್‌ನಿಗೆ ಮೈಸೂರಿನ ಮೇಲೆ ನಡೆಯಲು ಆಜ್ಞೆಯಾಯಿತು. ಟಿಪ್ಪುವಿನ ಉತ್ತರ ಮದರಾಸಿಗೆ ಮುಟ್ಟಿದ್ದು ಫೆಬ್ರವರಿ 13ರಂದು. ನನಗೆ ಆಗಾಗ ಬೇಟೆಗೆ ಹೋಗುವ ಅಭ್ಯಾಸ, ಈಗಲೂ ಬೇಟೆಗೆ ಹೊರಟಿದ್ದೇನೆ, ತಾವು ಮತ್ತೆ ಮತ್ತೆ ಬರೆದಿರುವ ಮೇಜರ್ ಡವಟನ್‌ರನ್ನು ಹೆಚ್ಚು ಪರಿವಾರವಿಲ್ಲದೆ ಕಳಿಸಿಕೊಡಿ ಎಂಬ ಕೆಲವೇ ಸಾಲುಗಳ ಪತ್ರ ಅದು. ಧಾಟಿಯಲ್ಲಿ ಉದಾಸೀನವಿದೆ, ತಡಮಾಡಿದ ತಪ್ಪೂ ಇದೆ. ಆದರೆ ಮೂರು ತಿಂಗಳಿನಿಂದ ಕಂಪನಿ ಕೇಳುತ್ತಿದ್ದದ್ದು ಡವಟನ್‌ನನ್ನು ಬರಮಾಡಿಕೊಳ್ಳಿ ಎಂದಲ್ಲವೇ? ಆ ಒಪ್ಪಿಗೆ ಪತ್ರದಲ್ಲಿತ್ತು. ಕಾಲ ಮೀರಿತು, ಮಾತಾಡುವುದಿದ್ದರೆ ಇನ್ನು ಹ್ಯಾರಿಸ್‌ನೊಂದಿಗೆ ಮಾತಾಡಬೇಕು ಎಂದು ಉತ್ತರ ಹೋಯಿತು. ಫೆಬ್ರವರಿ 22ರಂದು ಹೊರಟ ಅಧಿಕೃತ ಘೋಷಣೆ, ಶಾಂತಿಯ ಎಲ್ಲ ಯತ್ನಗಳನ್ನೂ ಟಿಪ್ಪು ತಳ್ಳಿಹಾಕಿದನೆಂದು ಲೋಕಕ್ಕೆ ಸಾರಿತು.

ಯುದ್ಧ ಎರಡು ತಿಂಗಳಲ್ಲಿ ಮುಗಿಯಿತು. ಹ್ಯಾರಿಸ್‌ನ ಸುಮಾರು 20 ಸಾವಿರ ಸೈನಿಕರೂ ನಿಜಾಮನ ಕಡೆಯ ಸುಮಾರು 16 ಸಾವಿರ ಜನರೂ ಪೂರ್ವದಿಂದ, ಬೊಂಬಾಯಿಯ 6 ಸಾವಿರಕ್ಕೂ ಹೆಚ್ಚಿನ ಪಡೆ ಕೊಡಗಿನ ಮೂಲಕ ಪಶ್ಚಿಮದಿಂದ ಬಂದವು. ಮಾರ್ಚ್ 27ರಂದು ಮಳವಳ್ಳಿಯ ಬಳಿ ಕಾಳಗ ನಡೆಯಿತು, ಏಪ್ರಿಲ್ ಆರಂಭದಲ್ಲಿ ಮುತ್ತಿಗೆ ಬಿತ್ತು. ಏಪ್ರಿಲ್ 22ರಂದು ಹ್ಯಾರಿಸ್ ಕಳಿಸಿದ ಶರತ್ತುಗಳಲ್ಲಿ ಉಳಿದ ರಾಜ್ಯದ ಅರ್ಧ, 2 ಕೋಟಿ ರೂಪಾಯಿ, ನಾಲ್ವರು ಗಂಡುಮಕ್ಕಳು ಮತ್ತು ನಾಲ್ವರು ಸರದಾರರ ಒತ್ತೆ ಸೇರಿದ್ದವು. ಮೇ 4ರ ಮಧ್ಯಾಹ್ನ ಕೋಟೆ ಬಿತ್ತು. ಟಿಪ್ಪುವೂ, ಅವನೊಂದಿಗೆ ಮೈಸೂರಿನ ಸಾವಿರಾರು ಸೈನಿಕರೂ ಅಂದು ಸತ್ತರು. ಆ ಸಾವಿರಾರು ಜನರಿಗೆ ಮಲಾರ್ಟಿಕ್ ಯಾರೆಂಬುದು ಗೊತ್ತಿದ್ದಿರಲಾರದು, ಈ ಪ್ರಕರಣವನ್ನು ಓದುವಾಗಲೆಲ್ಲ ನನ್ನನ್ನು ಹೆಚ್ಚು ಕಾಡುವುದು ಅದೇ.

ಗೆದ್ದ ಮೇಲೂ ಸಮರ್ಥನೆಯ ಕೆಲಸ ನಿಲ್ಲಲಿಲ್ಲ. ಅರಮನೆಯಲ್ಲಿ ಸಿಕ್ಕ ಕಾಗದಗಳನ್ನು ಭಾಷಾಂತರಿಸಿ, ಅಚ್ಚುಹಾಕಿಸಿ ಇಂಗ್ಲೆಂಡಿನ ಓದುಗರ ಮುಂದಿಡಲಾಯಿತು. ರಿಪೋನೊಂದಿಗೆ ನಡೆದ ಮಾತುಕತೆ, ಫ್ರೆಂಚ್ ಸರ್ಕಾರಕ್ಕೆ ಬರೆದ ಪತ್ರಗಳು, ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚರು ಕಟ್ಟಿಕೊಂಡಿದ್ದರೆಂಬ ಜಾಕೊಬಿನ್ (ಫ್ರೆಂಚ್ ಕ್ರಾಂತಿಯ ಉಗ್ರ ಪಕ್ಷದ) ಸಂಘದ ನಡಾವಳಿ, ಎಲ್ಲವೂ ಅದರಲ್ಲಿ ಸೇರಿದ್ದವು. ಬೊನಪಾರ್ಟೆ 1799ರ ಜನವರಿ 25ರಂದು ಕೈರೋದಿಂದ ಟಿಪ್ಪುವಿಗೆ ಬರೆದ, ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕ ಪತ್ರವೂ ಸಾಕ್ಷಿಯ ಸಾಲಿಗೆ ಬಂತು. ಅಂದಿನಿಂದ ಇಂದಿನವರೆಗೆ ಈ ಯುದ್ಧವನ್ನು ಸಮರ್ಥಿಸುವವರು ಈ ಕಾಗದಗಳನ್ನೇ ಮುಂದಿಡುತ್ತಾರೆ, ಮತ್ತು ಅವು ಟಿಪ್ಪುವಿನ ಉದ್ದೇಶವನ್ನು ತೋರಿಸುವುದು ನಿಜ. ಆದರೆ 1798ರ ಜೂನ್ 20ರಂದು ಆಜ್ಞೆಗೆ ಸಹಿ ಹಾಕುವಾಗ ವೆಲ್ಲೆಸ್ಲಿಯ ಮೇಜಿನ ಮೇಲೆ ಇವುಗಳಲ್ಲಿ ಒಂದೂ ಇರಲಿಲ್ಲ. ತೀರ್ಪಿನ ತರುವಾಯ ಸಿಕ್ಕ ಸಾಕ್ಷಿ ತೀರ್ಪುಗಾರನ ಅದೃಷ್ಟವನ್ನು ತೋರಿಸಬಹುದು, ಅವನು ವಿಚಾರಣೆ ನಡೆಸಿದನೆಂದು ತೋರಿಸುವುದಿಲ್ಲ.

1799ರ ಜೂನ್ 22ರ ವಿಭಜನೆಯ ಒಪ್ಪಂದದಂತೆ ಕೆನರಾ ಕರಾವಳಿ, ಕೊಯಮತ್ತೂರು, ಧಾರಾಪುರ, ಶ್ರೀರಂಗಪಟ್ಟಣದ ದ್ವೀಪ ಕಂಪನಿಗೆ ಸೇರಿದವು. ಗುತ್ತಿ, ಗುರ್ರಂಕೊಂಡದ ಕಡೆಯ ಸೀಮೆಗಳು ನಿಜಾಮನಿಗೆ ಹೋದವು. ಉಳಿದ ಮೈಸೂರು ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ, ವರ್ಷಕ್ಕೆ 7 ಲಕ್ಷ ವರಹದ ಕಪ್ಪದೊಂದಿಗೆ, ಮರಳಿ ಬಂತು. ಫ್ರೆಂಚರು ಇಳಿದಿದ್ದ ಮಂಗಳೂರು ಈಗ ಕಂಪನಿಯ ಬಂದರಾಯಿತು. ಟಿಪ್ಪುವಿಗೂ ಫ್ರೆಂಚರಿಗೂ ಸಂಪರ್ಕ ತಪ್ಪಿಸಲು ಕರಾವಳಿಯನ್ನು ಅವನಿಂದ ಕಿತ್ತುಕೊಳ್ಳಬೇಕೆಂದು ವೆಲ್ಲೆಸ್ಲಿ 1798ರ ಆಗಸ್ಟಿನ ಟಿಪ್ಪಣಿಯಲ್ಲೇ ಬರೆದಿದ್ದ. ಕಂಪನಿಯ ಪಾಲಿಗೆ ಬಂದ ಸೀಮೆಗಳ ಪಟ್ಟಿಯಲ್ಲಿ ಇನ್ನೊಂದು ಹೆಸರಿದೆ: ವೈನಾಡು. ಅದು ನ್ಯಾಯವಾಗಿ ನಿಮ್ಮದೇ ಎಂದು ವೆಲ್ಲೆಸ್ಲಿ ಟಿಪ್ಪುವಿಗೆ ಬರೆದುಕೊಟ್ಟು ಆಗ ಹನ್ನೊಂದು ತಿಂಗಳೂ ತುಂಬಿರಲಿಲ್ಲ.